ಬಣ್ಣ ಬೇಡ, ಹೊಳವು ಹೇಳಿ

ಇವತ್ತು ಬೆಳಿಗ್ಗೆ ಆರೂವರೆಗೆ ಫೋನ್ ತೆಗೆದರೆ ಒಂದೇ ನಕಾಶೆ ಹನ್ನೊಂದು ಸಲ ಬಂದು ಕೂತಿತ್ತು. ಸೊಸೈಟಿ ಗ್ರೂಪಿನಲ್ಲಿ ಎರಡು, ಊರ ಗ್ರೂಪಿನಲ್ಲಿ ಮೂರು, ಡೇರಿ ಗ್ರೂಪಿನಲ್ಲಿ ಒಂದು, ಉಳಿದದ್ದು ನೆಂಟರಿಷ್ಟರಿಂದ. ಉತ್ತರ ಕನ್ನಡ ಜಿಲ್ಲೆ ಪೂರ್ತಿ ಹಳದಿ. ಮುಂದಿನ ಮೂರು ದಿನ ಯೆಲ್ಲೋ ಅಲರ್ಟ್.

ಏಳು ಗಂಟೆಗೆ ಕೊನೆಗೌಡನ ಫೋನು. "ಹೆಗಡೇರೇ, ಇವತ್ತು ಮದ್ದು ಹೊಡೆಯೂಕೆ ಬರ್ಲಾ ಬ್ಯಾಡ್ದಾ? ನೀವು ಬ್ಯಾಡ ಅಂದ್ರೆ ನಾ ಆಚೆ ಕೇರಿಗೆ ಹೋತೆ."

ಹನ್ನೊಂದು ನಕಾಶೆ ಕೈಯಲ್ಲಿ ಇಟ್ಕೊಂಡು ಆ ಒಂದು ಪ್ರಶ್ನೆಗೆ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ಅಂಗಳಕ್ಕೆ ಬಂದು ಪಡುವಣ ದಿಕ್ಕು ನೋಡಿದೆ. ಮೋಡ ಕಪ್ಪು ಇತ್ತು, ಆದ್ರೆ ಓಡ್ತಾ ಇತ್ತು. "ಅರ್ಧ ತಾಸು ಬಿಟ್ಟು ಹೇಳ್ತೆ" ಅಂದೆ. ಅರ್ಧ ತಾಸು ಬಿಟ್ಟು ನಾನು ಫೋನ್ ಮಾಡುವಷ್ಟರಲ್ಲಿ ಅವ ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ಅವನದ್ದೇನೂ ತಪ್ಪಿಲ್ಲ. ಒಂದು ದಿನ ಸುಮ್ಮನೆ ಕೂತರೆ ಅವನ ಮನೆ ಒಲೆಗೂ ಅದು ಲೆಕ್ಕವೇ.

ಈ ಸಿಟ್ಟಿನಲ್ಲೇ ಇದನ್ನು ಬರೀತಾ ಇದ್ದೇನೆ. ಉದ್ದ ಆಗ್ತದೆ. ಮಳೆಯಲ್ಲಿ ಹೇಗೂ ತೋಟಕ್ಕೆ ಹೋಗೋ ಹಾಗಿಲ್ಲ, ಕೂತು ಓದಿ.

ಮೊದಲೇ ಒಂದು ಮಾತು. ಹವಾಮಾನ ಇಲಾಖೆಯವರು ಸುಳ್ಳು ಹೇಳ್ತಾರೆ ಅಂತ ಬೈಯೋ ಗುಂಪಿಗೆ ನಾನು ಸೇರಿದವನಲ್ಲ. "ರೆಡ್ ಅಲರ್ಟ್ ಅಂದ್ರು, ಬಿಸಿಲು ಬಂತು" ಅಂತ ನಗಾಡೋದು ಸುಲಭ. ನನ್ನ ತಕರಾರು ಬೇರೆ. ಅವರು ಹೇಳೋದು ಬಹುಪಾಲು ಸರಿಯೇ ಇರ್ತದೆ, ಆದ್ರೆ ಅದು ನಮಗೆ ಹೇಳಿದ್ದಲ್ಲ.

ಆ ಬಣ್ಣಗಳ ಲೆಕ್ಕ ಏನು ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? 24 ತಾಸಿನಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ವರೆಗೆ ಬಿದ್ದರೆ ಅದು 'ಭಾರಿ ಮಳೆ'. 115.6ರಿಂದ 204.4 ವರೆಗೆ 'ಅತಿ ಭಾರಿ'. ಅದಕ್ಕೂ ಮೇಲೆ ಹೋದರೆ 'ಅತ್ಯಂತ ಭಾರಿ'. ಸಾಮಾನ್ಯವಾಗಿ ಈ ಮೂರಕ್ಕೆ ಹಳದಿ, ಕಿತ್ತಳೆ, ಕೆಂಪು. ಎಷ್ಟು ಖಚಿತ, ಎಷ್ಟು ಹಾನಿ ಆದೀತು ಅನ್ನೋದನ್ನೂ ನೋಡಿ ಬಣ್ಣ ಹಚ್ತಾರೆ. 64.5ಕ್ಕಿಂತ ಕಡಿಮೆ ಬೀಳ್ತದೆ ಅಂತಿದ್ದರೆ ಮಳೆ ಎಚ್ಚರಿಕೆ ಇಲ್ಲ, ನಕಾಶೆ ಹಸಿರು.

ಇದು ಯಾರಿಗಾಗಿ ಮಾಡಿದ ಲೆಕ್ಕ? ಶಾಲೆಗೆ ರಜೆ ಕೊಡಬೇಕಾ, ಘಟ್ಟದ ರಸ್ತೆ ಬಂದ್ ಮಾಡಬೇಕಾ, ಹೊಳೆ ದಂಡೆಯ ಮನೆಗಳನ್ನು ಖಾಲಿ ಮಾಡಿಸಬೇಕಾ ಅಂತ ನಿರ್ಧಾರ ಮಾಡೋರಿಗೆ. ಅದು ಬೇಕೇ ಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಬಂದದ್ದನ್ನು ಈ ಜಿಲ್ಲೆಯ ಯಾರೂ ಮರೆಯೋದಿಲ್ಲ. ಜೀವ ಉಳಿಸೋ ಎಚ್ಚರಿಕೆ ಬಗ್ಗೆ ನಾನು ಒಂದು ಮಾತೂ ಹಗುರವಾಗಿ ಆಡೋದಿಲ್ಲ. ಆದ್ರೆ ಜೀವ ಉಳಿಸೋಕೆ ಮಾಡಿದ ಅದೇ ಬಣ್ಣವನ್ನು "ರೈತ ಬಾಂಧವರ ಗಮನಕ್ಕೆ" ಅಂತ ತಲೆಬರಹ ಹಾಕಿ ನಮ್ಮ ಗ್ರೂಪಿಗೆ ತಂದು ಸುರಿದರೆ ಅದು ಕೃಷಿ ಸಲಹೆ ಆಗಿಬಿಡ್ತದಾ?

ಅಡಿಕೆ ಬೆಳೆಗಾರನಿಗೆ ಆಷಾಢದಲ್ಲಿ ಎಷ್ಟು ಮಳೆ ಬೀಳ್ತದೆ ಅನ್ನೋ ಚಿಂತೆ ಇಲ್ಲ. ಬೀಳ್ತದೆ, ಅದು ಗೊತ್ತು. ಜುಲೈ ಒಂದೇ ತಿಂಗಳಿನಲ್ಲಿ ಕರಾವಳಿಗೆ ಸಾವಿರ ಮಿ.ಮೀ. ಮೇಲೆ ವಾಡಿಕೆ ಮಳೆ ಇದೆ. ನಮಗೆ ಗೊತ್ತಾಗಬೇಕಾದ್ದು ಆ ಮಳೆ ಯಾವಾಗ ಬಿಡ್ತದೆ ಅನ್ನೋದು. ನಾಳೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರ ತನಕ ಹೊಳವು ಸಿಗ್ತದಾ? ಇಷ್ಟೇ ಪ್ರಶ್ನೆ. ಮಳೆಯ ಬಗ್ಗೆ ಇಡೀ ದೇಶ ಮಾತಾಡ್ತದೆ. ಹೊಳವಿನ ಬಗ್ಗೆ ಒಬ್ಬನೂ ಬಾಯಿ ಬಿಡೋದಿಲ್ಲ.

ಗೊತ್ತಿದ್ದದ್ದೇ ಆದರೂ ಹೊಸದಾಗಿ ತೋಟಕ್ಕೆ ಬಂದ ಹುಡುಗರಿಗೆ ಹೇಳ್ತೇನೆ. ಮಳೆ ಹಿಡಿಯೋ ಮುಂಚೆ ಮೊದಲನೇ ಮದ್ದು. ಅದಾಗಿ 40–45 ದಿನಕ್ಕೆ ಎರಡನೇದು. ಮಳೆ ಎಳೀತು ಅಂದ್ರೆ ಮೂರನೇದು. ಮೊದಲನೇದಕ್ಕೆ ತೊಂದರೆ ಇಲ್ಲ, ಮೇ ಕೊನೆಯಲ್ಲಿ ಒಣ ದಿನ ಸಿಗ್ತಾವೆ. ಎರಡನೇದು ಬಂದು ಬೀಳೋದು ಸರಿಯಾಗಿ ಪುನರ್ವಸು, ಪುಷ್ಯದ ಬಾಯಿಗೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಹೊಳಪಿನ ಕಬ್ಬಿಣದ ಚಾಕು ಅದ್ದಿ ಕೆಂಪು ಹತ್ತಿತಾ ನೋಡಬೇಕು, ಹತ್ತಿದರೆ ಸುಣ್ಣ ಸಾಲದು. ಕೂಡಿಸಿದ ದ್ರಾವಣ ಅವತ್ತೇ ಮುಗೀಬೇಕು, ನಾಳೆಗೆ ಇಡೋ ಹಾಗಿಲ್ಲ. ಕೊನೆ ನೀರು ಸುರಿಸ್ತಾ ಇರುವಾಗ ಹೊಡೆದರೆ ಮದ್ದು ಬುಡಕ್ಕೆ ಇಳೀತದೆ. ಹೊಡೆದ ಮೇಲೆ ಮೂರ್ನಾಲ್ಕು ತಾಸು ಆರದೇ ಇದ್ದರೆ ಹಿಡಿಯೋದಿಲ್ಲ. ಅಂದರೆ ಬ್ಯಾರಲ್ಲಿನಲ್ಲಿ ಮೈಲುತುತ್ತ ಬೀಳೋ ಹೊತ್ತಿಗೇ ನಾವು ಮುಂದಿನ ಏಳೆಂಟು ತಾಸಿನ ಆಕಾಶದ ಮೇಲೆ ದುಡ್ಡು ಕಟ್ಟಿದ ಹಾಗೆ. ಮಟ್ಕಾ ಆಡೋರಿಗಾದ್ರೂ ನಾಳೆ ಬಿಡುವು ಇರ್ತದೆ.

ಕೊಳೆರೋಗಕ್ಕೆ ಬೇಕಾದ್ದು ಧೋ ಅಂತ ಸುರಿಯೋ ಮಳೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕೆ ಹಿತ ಆಗೋದು ತಂಪು ಮತ್ತು ಅಸ್ತವ್ಯಸ್ತ ಹವೆ. ಉಷ್ಣತೆ 20ರಿಂದ 23 ಡಿಗ್ರಿ, ಗಾಳಿಯಲ್ಲಿ ತೇವ ಶೇ. 90ರ ಮೇಲೆ, ಬಿಡದೆ ಜಿಟಿಜಿಟಿ, ನಡುನಡುವೆ ಸ್ವಲ್ಪ ಬಿಸಿಲು, ಮತ್ತೆ ಮಳೆ. ಅಂದರೆ ಈ ಉತ್ತರದ ಕರಾವಳಿ ಮತ್ತು ಅದರ ಬೆನ್ನಿಗಿರೋ ಘಟ್ಟದಲ್ಲಿ ಜುಲೈ, ಆಗಸ್ಟ್ ಹೇಗಿರ್ತದೋ ಹಾಗೇ. ಆ ಹವೆ ಯಾವ ಬಣ್ಣದಲ್ಲಿ ಬರ್ತದೆ? ಬಣ್ಣವೇ ಇಲ್ಲದೆ ಬರ್ತದೆ. ದಿನಕ್ಕೆ 15–20 ಮಿ.ಮೀ. ಹನಿಯೋ ವಾರಕ್ಕೆ ಯಾರೂ ಅಲರ್ಟ್ ಕೊಡೋದಿಲ್ಲ. ನಮ್ಮ ಬೆಳೆ ಹೋಗೋದು ಹಸಿರು ನಕಾಶೆಯಲ್ಲಿ.

ಹೋದ ವರ್ಷದ ನನ್ನದೇ ಕಥೆ ಕೇಳಿ. ಎರಡನೇ ಮದ್ದಿನ ಹೊತ್ತು. ಸಾಮಾನು ತಂದಾಗಿತ್ತು, ಕೊನೆಗೌಡ ಬರೋದು ಗೊತ್ತಾಗಿತ್ತು. ಹಿಂದಿನ ಸಂಜೆ ಜಿಲ್ಲೆಗೆ ಆರೆಂಜ್ ಅಲರ್ಟ್ ಬಂತು, ನಾಲ್ಕು ದಿನಕ್ಕೆ. ಹೆದರಿ ಅವನಿಗೆ ಬೇಡ ಅಂದೆ. ಆ ನಾಲ್ಕು ದಿನ ಏನಾಯ್ತು ಅಂದ್ರೆ ಮಳೆ ರಾತ್ರಿ ಹೊಡೀತು. ಒಂದು ರಾತ್ರಿ ನನ್ನ ಮಳೆಮಾಪಕದಲ್ಲಿ 92 ಮಿ.ಮೀ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ಮೂರಕ್ಕೆ ನಿಂತದ್ದು. ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಗಾಳಿ ಬೀಸಿ ಕೊನೆ ಆರಿತು. ಸಂಜೆ ಐದರ ತನಕ ಹನಿ ಇಲ್ಲ. ಒಂದಲ್ಲ, ಅಂಥ ಮೂರು ಹಗಲು. ಜಗಲಿ ಮೇಲೆ ಕೂತು ನೋಡಿದೆ.

ಐದನೇ ದಿನ ಅಲರ್ಟ್ ತೆಗೆದರು. ಊರವರೆಲ್ಲ ಒಟ್ಟಿಗೇ ಕೊನೆಗೌಡರಿಗೆ ಫೋನ್ ಮಾಡಿದೆವು. ನನ್ನ ಪಾಳಿ ಬಂದದ್ದು ಆರನೇ ದಿನ. ಅವತ್ತು ಬೆಳಿಗ್ಗೆಯಿಂದ ಜಿಟಿಜಿಟಿ. ಮರುದಿನವೂ ಅದೇ. ಹನ್ನೆರಡು ದಿನ ಒಂದು ತಾಸೂ ಕೊನೆ ಆರಲಿಲ್ಲ. ಅದರಲ್ಲಿ ಒಂದು ದಿನದ ಲೆಕ್ಕ ಪುಸ್ತಕದಲ್ಲಿದೆ: ಇಡೀ ದಿನ 14 ಮಿ.ಮೀ. ಸರ್ಕಾರದ ಭಾಷೆಯಲ್ಲಿ ಅದು 'ಹಗುರ ಮಳೆ'. ಆ ಹಗುರ ಮಳೆ ನನ್ನ ತೋಟದ ಕಾಯಿ ಉದುರಿಸ್ತು. ಎರಡು ಎಕರೆಯಲ್ಲಿ ಒಳ್ಳೆ ವರ್ಷ 18 ಕ್ವಿಂಟಲ್ ಕಾಣ್ತಿದ್ದವ 11ಕ್ಕೆ ಇಳಿದೆ. ಕೆಳಗಿನ ಕೇರಿಯಲ್ಲಿ ಒಬ್ಬರು ಅಲರ್ಟ್ ಬಂದದ್ದೇ ನೋಡಿರಲಿಲ್ಲ, ಫೋನ್ ಕೆಟ್ಟಿತ್ತು. ಅವರು ಎರಡನೇ ದಿನವೇ ಹೊಡೆಸಿ ಮುಗಿಸಿದ್ದರು. ಅವರ ಬೆಳೆ ಉಳೀತು. ಮುನ್ಸೂಚನೆ ನೋಡಿದವ ಕೆಟ್ಟ, ನೋಡದವ ಬದುಕಿದ. ಆ ವರ್ಷ ಅಂಗಳದಲ್ಲಿ ಅಡಿಕೆ ಹರಡುವಾಗ ಇದೇ ಮಾತು ತಲೆಯಲ್ಲಿ ತಿರುಗ್ತಿತ್ತು.

ಅಲರ್ಟ್ ತಪ್ಪಾಗಿತ್ತಾ? ಇಲ್ಲ. ಭಾರಿ ಮಳೆ ಅಂದ್ರು, ಭಾರಿ ಮಳೆ ಬಂತು. ಇಲಾಖೆಯ ಮಳೆದಿನ ಅಂದ್ರೆ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30. ಆ 24 ತಾಸಿನ ಮಳೆಯನ್ನು ಒಟ್ಟು ಹಾಕಿ ಒಂದು ಅಂಕಿ ಬರೀತಾರೆ. ಐದು ತಾಸಿನಲ್ಲಿ ಬಿದ್ದ 92 ಮತ್ತು 24 ತಾಸು ಹನಿದ 14, ಈ ಎರಡರಲ್ಲಿ ದೊಡ್ಡ ಅಪಾಯ ಯಾವುದು ಅಂತ ಕೇಳಿದರೆ ಜಿಲ್ಲಾಡಳಿತ 92 ಅಂತದೆ, ಅಡಿಕೆ ಮರ 14 ಅಂತದೆ. ಇಬ್ಬರದ್ದೂ ಸರಿ. ನಮ್ಮ ಲೆಕ್ಕ ಹೇಳೋರು ಇಲ್ಲ ಅಷ್ಟೇ.

ಇನ್ನು ಜಾಗದ ವಿಚಾರ. ನಕಾಶೆಯಲ್ಲಿ ನಮ್ಮ ಜಿಲ್ಲೆಗೆ ಒಂದೇ ಬಣ್ಣ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಸೇರಿ ಹವಾಮಾನ ಇಲಾಖೆಗೆ 'ಕರಾವಳಿ ಕರ್ನಾಟಕ'. ಭಟ್ಕಳವೂ ಕರಾವಳಿ, ಮುಂಡಗೋಡವೂ ಕರಾವಳಿ. ಮುಂಡಗೋಡದವರಿಗೆ ಸಮುದ್ರ ನೋಡಬೇಕಾದ್ರೆ ಬೆಳಿಗ್ಗೆ ಬಸ್ ಹತ್ತಬೇಕು. ಹೊನ್ನಾವರ, ಭಟ್ಕಳದ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಬೀಳ್ತದೆ. ಹಳಿಯಾಳ, ಮುಂಡಗೋಡದಲ್ಲಿ ಅದರ ಮೂರನೇ ಒಂದು ಪಾಲು. ಅಲ್ಲಿ ಭತ್ತ, ಗೋವಿನಜೋಳ, ಕಬ್ಬು. ನಡುವೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಘಟ್ಟದ ಮೇಲೆ. ದೇವಿಮನೆ ಘಟ್ಟ ಹತ್ತಿ ಇಳಿದವರಿಗೆ ಗೊತ್ತು: ಕುಮಟೆಯಲ್ಲಿ ಬಿಸಿಲು, ಘಟ್ಟದ ನೆತ್ತಿಯಲ್ಲಿ ಎದುರಿಗೆ ಬರೋ ಲಾರಿ ಕಾಣೋದಿಲ್ಲ, ಶಿರಸಿ ಮುಟ್ಟೋ ಹೊತ್ತಿಗೆ ರಸ್ತೆ ಒಣಗಿರ್ತದೆ. ಇಷ್ಟಕ್ಕೆಲ್ಲ ಒಂದು ಹಳದಿ.

ಮಾತಿನ ಮುನ್ಸೂಚನೆಯದ್ದೂ ಅದೇ ಪಾಡು. 'ಕೆಲವೆಡೆ', 'ಹಲವೆಡೆ', 'ಬಹುತೇಕ ಕಡೆ' ಅಂತ ಓದ್ತೇವಲ್ಲ, ಆ ಮಾತುಗಳಿಗೆ ಅಳತೆ ಇದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರ ಒಳಗೆ ಕಡೆ ಮಳೆಯಾದರೆ ಒಂದು ಪದ, 26ರಿಂದ 50ಕ್ಕೆ ಇನ್ನೊಂದು, 51ರಿಂದ 75ಕ್ಕೆ ಮತ್ತೊಂದು, ಅದರ ಮೇಲೆ ಹೋದರೆ 'ಎಲ್ಲೆಡೆ'. ಅಂದರೆ ಅದು ಕೇಂದ್ರಗಳ ಎಣಿಕೆ. ನನ್ನ ತೋಟ ಆ ಎಣಿಕೆಯ ಯಾವ ಕಡೆ ಬರ್ತದೆ ಅಂತ ಆ ಪದ ಹೇಳೋದಿಲ್ಲ, ಹೇಳೋಕೆ ಹೊರಟದ್ದೂ ಅಲ್ಲ.

ಈಗ ಯಾರಾದ್ರೂ ಹೇಳ್ತೀರಿ: "ಮಾರಾಯ, ಈಗ ಪಂಚಾಯ್ತಿ ಮಟ್ಟದ್ದೇ ಬಂದಿದೆಯಲ್ಲ, ಮೊಬೈಲಿನಲ್ಲಿ ನೋಡು." ನೋಡಿದ್ದೇನೆ. 2024ರ ಅಕ್ಟೋಬರಿನಲ್ಲಿ ಗ್ರಾಮ ಪಂಚಾಯ್ತಿ ಮಟ್ಟದ ಮುನ್ಸೂಚನೆ ಶುರುವಾಯ್ತು. 'ಮೌಸಮ್‌ಗ್ರಾಮ್' ಅಂತ ಹೆಸರು. ತಾಸು ತಾಸಿನ ಅಂಕಿ ಕೊಡ್ತದೆ. 2025ರ ಮೇ ತಿಂಗಳಿನಲ್ಲಿ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಬಂತು. ಮೊದಲು 12 ಕಿ.ಮೀ. ಚೌಕ ಚೌಕವಾಗಿ ನೋಡ್ತಿದ್ದ ಲೆಕ್ಕ ಈಗ 6 ಕಿ.ಮೀ.ಗೆ ಇಳಿದಿದೆ. ಇದು ದೊಡ್ಡ ಕೆಲಸ. ಪುಣೆಯ ವಿಜ್ಞಾನಿಗಳಿಗೆ ಕೈ ಮುಗೀತೇನೆ.

ಆದ್ರೆ 6 ಕಿ.ಮೀ. ಚೌಕದಲ್ಲಿ ನಮ್ಮ ಕಡೆ ಏನೆಲ್ಲ ಬರ್ತದೆ ಲೆಕ್ಕ ಹಾಕಿ. ಒಂದು ಗುಡ್ಡದ ನೆತ್ತಿ, ಅದರ ಎರಡೂ ಮಗ್ಗುಲು, ಕೆಳಗೆ ಕಣಿವೆಯ ತೋಟ. ಪಡುವಣ ಮಗ್ಗುಲಿಗೆ ಹೊಡೆದ ಮಳೆ ಮೂಡಣ ಮಗ್ಗುಲಿಗೆ ಬರೀ ತುಂತುರಾಗಿ ಬರೋದು ನಾವು ದಿನಾ ನೋಡೋದು. ಕಂಪ್ಯೂಟರಿಗೆ ಅದೆಲ್ಲ ಸೇರಿ ಒಂದೇ ಅಂಕಿ. ರಾಡಾರ್ ಕಥೆಯೂ ಕೇಳಿ. ಪಣಜಿಯ ಡಾಪ್ಲರ್ ರಾಡಾರಿನಿಂದ ಶಿರಸಿಗೆ ನೇರ ಗೆರೆ ಎಳೆದರೆ ಸುಮಾರು 145 ಕಿ.ಮೀ. ಭೂಮಿ ಗುಂಡಗಿರೋದರಿಂದ ಅಷ್ಟು ದೂರ ಬರೋ ಹೊತ್ತಿಗೆ ಅದರ ಕಿರಣ ನೆಲದಿಂದ ಎರಡು ಕಿ.ಮೀ.ಗೂ ಮೇಲೆ ಹೋಗಿರ್ತದೆ. ನಮ್ಮ ಘಟ್ಟದ ಜಿಟಿಜಿಟಿ ಮಳೆಯ ಮೋಡ ಬಹಳ ಕೆಳಗೆ ಇರೋದು. ರಾಡಾರ್ ಅದರ ತಲೆ ಮೇಲಿಂದ ನೋಡ್ಕೊಂಡು ಹೋಗ್ತದೆ. ದೊಡ್ಡ ಗುಡುಗಿನ ಮೋಡ ಕಾಣ್ತದೆ, ಕೊಳೆ ತರೋ ಮೋಡ ಕಾಣೋದಿಲ್ಲ.

ಹಾಗಾಗಿ ಯಂತ್ರದ ಅಂಕಿಯನ್ನು ಓದಿ, "ಇದು ನಿಮ್ಮ ಕಡೆ ಹೀಗೆ" ಅಂತ ತಿದ್ದಿ ಹೇಳೋ ಮನುಷ್ಯ ಬೇಕು. ಸ್ಥಳೀಯ ಬೆಳೆ ಗೊತ್ತಿದ್ದವ ಬೇಕು. ಅಂಥವರನ್ನು ಜಿಲ್ಲೆ ಜಿಲ್ಲೆಯಲ್ಲಿ ಇಡಬೇಕು ಅಂತಲೇ ದೇಶದಲ್ಲಿ ಕೃಷಿ ವಿಜ್ಞಾನ ಕೇಂದ್ರಗಳ ಜೊತೆ 199 ಜಿಲ್ಲಾ ಕೃಷಿ ಹವಾಮಾನ ಘಟಕ ಮಾಡಿದ್ದರು. 2024ರಲ್ಲಿ ಅವನ್ನು ಮುಚ್ಚಿದರು. ಒಂದು ಕೈಯಲ್ಲಿ ಪಂಚಾಯ್ತಿ ಮಟ್ಟದ ಅಂಕಿ ಕೊಟ್ಟು ಇನ್ನೊಂದು ಕೈಯಲ್ಲಿ ಅದನ್ನು ಓದಿ ಹೇಳೋನನ್ನು ಮನೆಗೆ ಕಳಿಸಿದ್ದು. ಪಂಪ್ ತಂದು ಪೈಪ್ ಮಾರಿದ ಹಾಗೆ.

"ಹೊಳವು ಹೇಳೋಕೆ ವಿಜ್ಞಾನಕ್ಕೆ ಆಗೋದಿಲ್ಲ" ಅಂತ ಇನ್ನೊಂದು ವಾದ ಬರ್ತದೆ. ತಾಸು ಹಿಡಿದು ಖಚಿತವಾಗಿ ಆಗಲಿಕ್ಕಿಲ್ಲ, ಒಪ್ಪಿದೆ. ಆದ್ರೆ ದೊಡ್ಡ ಹೊಳವಿಗೆ ಕಾರಣ ಗೊತ್ತಿದೆ. ಗುಜರಾತಿನಿಂದ ಕೇರಳದವರೆಗೆ ಕಡಲ ಗುಂಟ ಕಡಿಮೆ ಒತ್ತಡದ ಪಟ್ಟಿ ಬಲವಾಗಿದ್ದರೆ, ಅಥವಾ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಪಡುವಣ ಗಾಳಿಯನ್ನು ಎಳೀತಾ ಇದ್ದರೆ ನಮಗೆ ಮಳೆ. ಮುಂಗಾರಿನ ಅಕ್ಷ ಉತ್ತರಕ್ಕೆ ಸರಿದು ಹಿಮಾಲಯದ ಬುಡ ಸೇರಿದರೆ ನಮ್ಮ ಕಡೆ ಮಳೆ ಸಡಿಲ. ಇದನ್ನು ಕೆಲವು ದಿನ ಮುಂಚೆಯೇ ಕಾಣಬಹುದು, ಕಾಣ್ತಾರೆ ಕೂಡ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಮುನ್ನೋಟ ಹೊರಡಿಸ್ತದೆ. ನಮ್ಮ ಗ್ರೂಪಿಗೆ ಅದು ಒಂದು ದಿನವೂ ಬಂದದ್ದು ನಾನು ಕಾಣೆ. ಬಣ್ಣದ ನಕಾಶೆ ಮಾತ್ರ ಹನ್ನೊಂದು ಸಲ ಬರ್ತದೆ.

ಆ ಗುರುವಾರದ ಮುನ್ನೋಟ ಓದೋದು ಕಲಿಯಿರಿ ಅಂತ ಕೈ ಮುಗಿದು ಕೇಳ್ತೇನೆ. ಮುಂದಿನ ವಾರ ಕರಾವಳಿಗೆ 'ವಾಡಿಕೆಗಿಂತ ಕಡಿಮೆ' ಅಂತ ಇದ್ದರೆ ಮೈಲುತುತ್ತ ತಂದಿಡಿ, ಕೊನೆಗೌಡನಿಗೆ ಮೊದಲೇ ಮಾತಾಡಿ. 38ನೇ ದಿನಕ್ಕೇ ಹೊಡೆದರೂ ನಷ್ಟ ಇಲ್ಲ, 55ಕ್ಕೆ ಹೋದರೆ ಕಷ್ಟ. ಆದ್ರೆ ಒಂದು ಎಚ್ಚರ: ಜುಲೈಯಲ್ಲಿ ವಾಡಿಕೆಗಿಂತ ಶೇ. 20 ಕಡಿಮೆ ಅಂದ್ರೂ ತಿಂಗಳಿಗೆ ಎಂಟುನೂರು ಮಿ.ಮೀ. ಬೀಳ್ತದೆ. 'ಕಡಿಮೆ' ಅಂದ್ರೆ ಒಣ ಅಂತ ಅಲ್ಲ. ಇದನ್ನು ಬಿಡಿಸಿ ಹೇಳೋರು ಬೇಕು ಅಂತಲೇ ನಾನು ಗಂಟಲು ಹರ್ಕೊಳ್ಳೋದು.

ಮೀನುಗಾರರನ್ನು ನೋಡಿ ನಾವು ಕಲೀಬೇಕು. ಮಾಜಾಳಿಯಿಂದ ಭಟ್ಕಳದವರೆಗೆ ಅಲೆ ಎಷ್ಟು ಮೀಟರ್ ಏಳ್ತದೆ, ಗಾಳಿ ತಾಸಿಗೆ ಎಷ್ಟು ಕಿ.ಮೀ. ಬೀಸ್ತದೆ, ಎಷ್ಟು ಹೊತ್ತಿನ ತನಕ ಕಡಲಿಗೆ ಇಳೀಬಾರದು ಅಂತ ಅವರಿಗೆ ಬೇರೆಯೇ ಮುನ್ಸೂಚನೆ ಇದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇಂಥದ್ದಕ್ಕೇ ಇರೋದು. ಮೀನುಗಾರನಿಗೆ ಯಾರೂ ಮಳೆಯ ಬಣ್ಣ ಕೊಟ್ಟು ಕಳಿಸೋದಿಲ್ಲ. ಅವನ ಕೆಲಸಕ್ಕೆ ಬೇಕಾದ ಅಳತೆಯಲ್ಲಿ ಹೇಳ್ತಾರೆ. ಅದೇ ಜಿಲ್ಲೆಯ ಅಡಿಕೆ ಬೆಳೆಗಾರನಿಗೆ ಅವನ ಅಳತೆಯಲ್ಲಿ ಹೇಳೋಕೆ ಏನು ಅಡ್ಡಿ? ನಾವು ಕೇಳಲಿಲ್ಲ, ಅಷ್ಟೇ ಅಡ್ಡಿ.

ನಮ್ಮ ಬುಡಕ್ಕೂ ಸ್ವಲ್ಪ ನೀರು ಬಿಡ್ತೇನೆ, ಬೇಜಾರು ಮಾಡ್ಕೋಬೇಡಿ.

"ನಮ್ಮ ಅಜ್ಜಂದಿರಿಗೆ ಯಾವ ಆ್ಯಪ್ ಇತ್ತು? ನಕ್ಷತ್ರ ನೋಡಿ ಹೇಳ್ತಿದ್ದರು" ಅನ್ನೋರು ಇದ್ದಾರೆ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು. ಆರಿದ್ರಾ ಪ್ರತಿ ವರ್ಷ ಜೂನ್ 21–22ಕ್ಕೇ ಹುಟ್ಟೋದು. ಬಿತ್ತನೆ, ನಾಟಿಗೆ ಒಳ್ಳೆ ಸರಾಸರಿ ಪಂಚಾಂಗ ಅದು. ಈ ಮಂಗಳವಾರ ಹೊಳವಾ ಬುಧವಾರ ಹೊಳವಾ ಅಂತ ಅದು ಹೇಳೋದಿಲ್ಲ, ಅಜ್ಜಂದಿರೂ ಅದರಿಂದ ಅದನ್ನು ಕೇಳಲಿಲ್ಲ. ಅವರು ಏನು ಮಾಡ್ತಿದ್ದರು? ಕೊಟ್ಟೆ ಕಟ್ತಿದ್ದರು. ಮಳೆ ಹಿಡಿಯೋ ಮುಂಚೆ ಒಂದೊಂದು ಕೊನೆಗೂ ಟೊಪ್ಪಿ ಹಾಕಿದ ಹಾಗೆ ಕಟ್ಟಿ ಇಳಿದರೆ ಆಮೇಲೆ ಆಕಾಶ ನೋಡೋ ಕೆಲಸವೇ ಇಲ್ಲ. ಕೋಲ್ಮನ್ ಸಾಹೇಬರು 1910ರಲ್ಲಿ ಕೊಳೆರೋಗದ ಮೇಲೆ ವರದಿ ಬರೆದು, ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ಬೋರ್ಡೋ ದ್ರಾವಣ ಹೊಡೆಯೋದನ್ನು ಕಲಿಸಿದ ಮೇಲೆ ಅದು ನಿಧಾನ ನಮ್ಮ ಕಡೆಗೂ ಬಂತು. ಕೊಟ್ಟೆ ಹಿಂದೆ ಬಿತ್ತು. ಕೆಲಸ ಸಲೀಸಾಯ್ತು, ಬೆಳೆ ಹೆಚ್ಚಾಯ್ತು. ಆದ್ರೆ ಅವತ್ತಿನಿಂದ ನಮ್ಮ ಬೆಳೆ ಒಣ ಹೊತ್ತಿಗೆ ಗಂಟು ಬಿತ್ತು. ಮದ್ದು ಬಂದು ನೂರು ವರ್ಷ ದಾಟಿತು. ಮದ್ದು ಹೊಡೆಯೋ ಹೊತ್ತು ಯಾವುದು ಅಂತ ಹೇಳೋ ವ್ಯವಸ್ಥೆ ಇನ್ನೂ ಬಂದಿಲ್ಲ.

ಇನ್ನೊಂದು ಗುಂಪು ಫಾರ್ವರ್ಡ್ ಮಾಡೋರದ್ದು. ಯಾವುದೋ ವರ್ಷದ ನಕಾಶೆ, ಯಾರೋ ಮನೆಯಲ್ಲಿ ಕೂತು ಬರೆದ "ನಾಳೆಯಿಂದ ಜಲಪ್ರಳಯ". ದಿನಾಂಕ ನೋಡೋದಿಲ್ಲ, ಕಳಿಸ್ತೇವೆ. ಕೊನೆಗೌಡನ ಫೋನಿಗೂ ಅದೇ ಹೋಗ್ತದೆ, ಅವನೂ ಹೆದರ್ತಾನೆ. ನಾಳೆಯಿಂದ ದಿನಾಂಕ ಇಲ್ಲದ ನಕಾಶೆ ಕಳಿಸಿದವರ ಮನೆಗೆ ನಾನೇ ಬಂದು ಒಂದು ಲೋಟ ಮಜ್ಜಿಗೆ ಕುಡಿದು ಬೈದು ಹೋಗ್ತೇನೆ.

ಸರಿ, ಬೈದದ್ದಾಯ್ತು. ಏನು ಬೇಕು ಅಂತ ಹೇಳ್ತೇನೆ.

ಒಂದು. ಜೂನ್ ಮಧ್ಯದಿಂದ ಆಗಸ್ಟ್ ಕೊನೆವರೆಗೆ, ವರ್ಷಕ್ಕೆ ಹನ್ನೊಂದು ವಾರ ಮಾತ್ರ, ಹೊಳವಿನ ಮುನ್ಸೂಚನೆ ಬೇಕು. ನಾಳೆ ಬೆಳಿಗ್ಗೆ ಆರರಿಂದ ಹನ್ನೆರಡು, ಹನ್ನೆರಡರಿಂದ ಆರು, ಈ ಎರಡು ಹೊತ್ತಿನಲ್ಲಿ ನಾಲ್ಕು ತಾಸು ಒಣ ಸಿಗೋ ಸಾಧ್ಯತೆ ಹತ್ತಕ್ಕೆ ಎಷ್ಟು? ಆರು ಅಂದ್ರೂ ಸಾಕು, ಮೂರು ಅಂದ್ರೂ ಸಾಕು. ಖಚಿತ ಹೇಳಿ ಅಂತ ಯಾರೂ ಕುತ್ತಿಗೆ ಹಿಡಿಯೋದಿಲ್ಲ. ಹತ್ತಕ್ಕೆ ಆರು ಇದ್ದಾಗ ಹೊಡೆಸಬೇಕಾ ಬೇಡ್ವಾ ಅನ್ನೋ ಲೆಕ್ಕ ನಮಗೆ ಬರ್ತದೆ.

ಎರಡು. ಜಿಲ್ಲೆಯನ್ನು ಮೂರು ತುಂಡು ಮಾಡಿ ಹೇಳಿ. ಕಡಲ ಬದಿ, ಘಟ್ಟ, ಘಟ್ಟದ ಮೂಡಣ ಬಯಲು.

ಮೂರು. ಹಿಂದಿನ ದಿನ ಸಂಜೆ ಆರರ ಒಳಗೆ ಕನ್ನಡದಲ್ಲಿ, ಬಾಯಿಮಾತಿನಲ್ಲಿ ಬರಲಿ. ಕೊನೆಗೌಡನಿಗೆ ಹೇಳೋದು ಸಂಜೆ. ಮರುದಿನ ಮಧ್ಯಾಹ್ನ ಬರೋ ಸಲಹೆ ತಿಥಿ ಊಟ ಮುಗಿದ ಮೇಲೆ ಬಂದ ನೆಂಟನ ಹಾಗೆ.

ನಾಲ್ಕು. ವಾರಕ್ಕೊಮ್ಮೆ, ಹೇಳಿದ್ದೇನು, ಆದದ್ದೇನು ಅಂತ ಎರಡು ಸಾಲು. ತಪ್ಪಿದರೆ ತಪ್ಪಿತು ಅನ್ನಲಿ. ತಪ್ಪು ಒಪ್ಪಿಕೊಳ್ಳೋನ ಮಾತನ್ನೇ ನಾವು ನಂಬೋದು.

ಇದನ್ನು ಕೇಳೋಕೆ ನಮ್ಮ ಕೈಯಲ್ಲಿ ದಾಖಲೆ ಬೇಕು. "ಹೊಳವೇ ಸಿಗಲಿಲ್ಲ" ಅಂದ್ರೆ ಯಾರೂ ಕೇಳೋದಿಲ್ಲ. "ಜುಲೈ 10ರಿಂದ 31ರವರೆಗೆ 22 ದಿನದಲ್ಲಿ ನಾಲ್ಕು ತಾಸು ಒಣ ಸಿಕ್ಕಿದ್ದು ಇಂತಿಂಥ ಐದು ದಿನ, ಅವತ್ತು ನಿಮ್ಮ ನಕಾಶೆ ಇಂಥ ಬಣ್ಣ ಇತ್ತು" ಅಂತ ಇಪ್ಪತ್ತು ಮನೆಯವರು ಬರೆದುಕೊಟ್ಟರೆ ಆಗ ಕೇಳ್ತಾರೆ. ನಾನು ಮೂರು ವರ್ಷದಿಂದ ಮಳೆ ಬರೀತಿದ್ದೆ. ಈ ವರ್ಷದಿಂದ ಹೊಳವೂ ಬರೀತೇನೆ. ಕಷ್ಟ ಏನಿಲ್ಲ. ಗೋಡೆಗೆ ಒಂದು ಕ್ಯಾಲೆಂಡರ್, ಪಕ್ಕದಲ್ಲಿ ಪೆನ್ಸಿಲ್. ಹಗಲಿನ ಹನ್ನೆರಡು ತಾಸಿನಲ್ಲಿ ಯಾವ ಯಾವ ತಾಸು ಹನಿ ಇಲ್ಲ ಅಂತ ಗೀಟು. ಮಳೆಮಾಪಕ ಇಲ್ಲದವರು ನೇರ ಗೋಡೆಯ ಅಗಲ ಡಬ್ಬಿಯನ್ನು ಬಯಲಲ್ಲಿಟ್ಟು ಬೆಳಿಗ್ಗೆ 8.30ಕ್ಕೆ ಸ್ಕೇಲ್ ಅದ್ದಿ ಅಳೆಯಿರಿ. ಮಾಡಿನ ನೀರು, ಮರದ ಹನಿ ಬೀಳದ ಜಾಗ ಇರಬೇಕು, ಅಷ್ಟೇ.

ಸೊಸೈಟಿಯವರಲ್ಲೂ ಒಂದು ಬೇಡಿಕೆ. ಗೇಟಿನಲ್ಲಿ ಅಡಿಕೆ ದರದ ಬೋರ್ಡ್ ಇದೆಯಲ್ಲ, ಅದರ ಕೆಳಗೆ ಎರಡು ಸಾಲು ಜಾಗ ಬಿಡಿ. ಗುರುವಾರದ ಮುನ್ನೋಟ, ಈ ವಾರದ ಹೊಳವು. ದರ ನೋಡೋಕೆ ಎಲ್ಲರೂ ಬರ್ತೇವೆ. ದರ ಇದ್ದು ಅಡಿಕೆ ಇಲ್ಲದಿದ್ದರೆ ಆ ಬೋರ್ಡ್ ನೋಡಿ ಏನು ಪ್ರಯೋಜನ?

ಬೆಳೆವಿಮೆ ಮತ್ತು ಪಂಚಾಯ್ತಿ ಮಳೆಮಾಪಕದ ಗಲಾಟೆ ಇದರ ಜೊತೆಗೇ ಬರ್ತದೆ, ಗೊತ್ತು. ಅದು ದೊಡ್ಡ ಕಥೆ, ಇನ್ನೊಂದು ದಿನ ಬರೀತೇನೆ. ಎರಡನ್ನೂ ಕಲಸಿದರೆ ಇದೂ ಹೋಗ್ತದೆ, ಅದೂ ಹೋಗ್ತದೆ.

ಇಷ್ಟು ಬರೆಯೋ ಹೊತ್ತಿಗೆ ಹನ್ನೊಂದು ಗಂಟೆ. ಹೊರಗೆ ನೋಡಿದರೆ ಒಂಬತ್ತೂಕಾಲಿಗೆ ನಿಂತ ಮಳೆ ಇನ್ನೂ ಬಂದಿಲ್ಲ. ಕೊನೆ ಆರಿದೆ, ಗಾಳಿ ಇದೆ. ಬ್ಯಾರಲ್ ಖಾಲಿ ಇದೆ, ಮೈಲುತುತ್ತ ಚೀಲದಲ್ಲಿದೆ. ಕೊನೆಗೌಡ ಆಚೆ ಕೇರಿಯ ಮರದಲ್ಲಿದ್ದಾನೆ, ಇಲ್ಲಿಗೆ ದನಿ ಕೇಳ್ತಾ ಇದೆ. ನಕಾಶೆ ಇನ್ನೂ ಹಳದಿಯೇ.

ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ನಿಮ್ಮ ಕಡೆ ಇವತ್ತು ಎಷ್ಟು ತಾಸು ಹೊಳವಿತ್ತು, ಊರ ಹೆಸರು ಹಾಕಿ ಬರೆದು ಕಳಿಸಿ. ಬಣ್ಣ ಬೇಡ.